ಐದು ನಕ್ಷತ್ರದ ವ್ಯಾಪಾರ: ಹೊಳೆಯುವುದೆಲ್ಲ ಅಸಲಿಯೇ?

ಪಂಚಾಂಗದಲ್ಲಿರುವುದು ಇಪ್ಪತ್ತೇಳು ನಕ್ಷತ್ರ. ಮೊಬೈಲಿನ ಪೇಟೆಯಲ್ಲಿ ಬರೀ ಐದು. ಆದರೆ ಇವತ್ತು ಅಂಗಡಿಕಾರನ ಹಣೆಬರಹ ಬರೆಯುತ್ತಿರುವುದು ಆ ಇಪ್ಪತ್ತೇಳಲ್ಲ, ಈ ಐದು!

ದಾವಣಗೆರೆಯಿಂದ ಹರಿಹರಕ್ಕೆ ಹೊರಟ ಬಸ್ಸಿನಲ್ಲಿ ಸೀಟು ಸಿಕ್ಕವರು ಕಂಡಕ್ಟರ್ ಹತ್ತಿರ ಬರುವಷ್ಟರಲ್ಲಿ ಮೊಬೈಲಿನಲ್ಲಿ ನಾಲ್ಕು ಜೊತೆ ಚಪ್ಪಲಿ ನೋಡಿ ಮುಗಿಸಿರುತ್ತಾರೆ. ಬೆಲೆ ಆಮೇಲೆ, ಮೊದಲು ನಕ್ಷತ್ರ. ನಾಲ್ಕೂವರೆ ಕಂಡರೆ ಬೆರಳು ನಿಲ್ಲುತ್ತದೆ. ಮೂರು ಕಂಡರೆ ಜಾರುತ್ತದೆ. ಮಾಲು ಮುಟ್ಟಿ ನೋಡಿದ್ದಿಲ್ಲ, ಮಾರುವವನ ಮುಖ ಕಂಡಿದ್ದಿಲ್ಲ. ನಂಬಿಕೆಯೆಲ್ಲ ಯಾರೋ ಗುರುತಿಲ್ಲದವರು ಒತ್ತಿದ ಐದು ಚುಕ್ಕಿಯ ಮೇಲೆ.

‘ನಮಗ್ಯಾಕ್ರೀ ಆನ್‌ಲೈನ್ ತಂಟೆ’ ಎಂದು ಚೌಕಿಪೇಟೆ, ಮಂಡಿಪೇಟೆಯ ವ್ಯಾಪಾರಿ ಕೈ ತೊಳೆದುಕೊಳ್ಳುವಂತೆಯೂ ಇಲ್ಲ. ಮೊಬೈಲಿನಲ್ಲಿ ಒಂದೂ ಸೀರೆ ಮಾರದ ಅಂಗಡಿಗೂ ಗೂಗಲ್ ನಕ್ಷೆಯಲ್ಲಿ ಹೆಸರಿರಬಹುದು, ಹೆಸರಿನ ಪಕ್ಕದಲ್ಲಿ ನಕ್ಷತ್ರವೂ ಇರಬಹುದು. ಮಾಲೀಕ ಅದನ್ನು ಹಾಕಿಸಿರಬೇಕೆಂದೇನೂ ಇಲ್ಲ. ಅವನು ಕೇಳಲಿ ಬಿಡಲಿ, ಬಂದು ಹೋದವರು ಮಾರ್ಕ್ಸ್ ಹಾಕಿ ಹೋಗುತ್ತಾರೆ.

ಹಾಗಾದರೆ ಈ ನಕ್ಷತ್ರದಿಂದ ನಿಜವಾಗಿ ವ್ಯಾಪಾರ ಕುದುರುತ್ತದೆಯೇ? ಕುದುರಿದರೆ ಯಾರದು? ಕೆಟ್ಟರೆ ಯಾರದು?

ಬಾಯಿಮಾತಿಗೆ ಬಂದ ಬೆಲೆ

ಪೇಟೆಯ ಮಟ್ಟಿಗೆ ಇದು ಹೊಸ ಸಂಗತಿಯೇನಲ್ಲ. ‘ಅವರ ಅಂಗಡಿಗೇ ಹೋಗ್ರಿ, ತೂಕದಲ್ಲಿ ಮೋಸ ಇಲ್ಲ’ ಎಂಬ ಒಂದು ಮಾತಿನ ಮೇಲೆ ಮೂರು ತಲೆಮಾರು ಅಂಗಡಿ ನಡೆಸಿದವರು ಎಲ್ಲ ಊರಲ್ಲೂ ಇದ್ದಾರೆ. ಬೆಣ್ಣೆ ದೋಸೆಯ ಹೋಟೆಲುಗಳ ಹೆಸರು ಊರು ದಾಟಿ ಹೋದದ್ದು ಬಾಯಿಮಾತಿನಿಂದಲೇ. ವ್ಯತ್ಯಾಸ ಒಂದೇ. ಅಂದು ಮಾತು ಹೇಳುವವನ ಮುಖ ಕೇಳುವವನಿಗೆ ಗೊತ್ತಿತ್ತು. ಸುಳ್ಳು ಹೇಳಿದರೆ ಮರುದಿನ ಟೀ ಅಂಗಡಿಯಲ್ಲಿ ಹಿಡಿದು ಕೇಳಬಹುದಿತ್ತು. ಇಂದಿನ ನಕ್ಷತ್ರಕ್ಕೆ ಮುಖವಿಲ್ಲ.

ಮುಖವಿಲ್ಲದಿದ್ದರೂ ಅದಕ್ಕೆ ಬೆಲೆಯಂತೂ ಇದೆ. ಅಮೆರಿಕದ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಮೈಕೆಲ್ ಲೂಕಾ 2011ರಲ್ಲಿ ಸಿಯಾಟಲ್ ನಗರದ ಹೋಟೆಲುಗಳ ಲೆಕ್ಕ ತೆಗೆದರು. ಯೆಲ್ಪ್ ಎಂಬ ರೇಟಿಂಗ್ ತಾಣದಲ್ಲಿ ಒಂದು ನಕ್ಷತ್ರ ಏರಿದರೆ ಹೋಟೆಲಿನ ಆದಾಯ ಶೇಕಡಾ 5ರಿಂದ 9ರಷ್ಟು ಏರುತ್ತದೆ ಎಂದು ಕಂಡರು. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಈ ಏರಿಕೆ ಕಂಡದ್ದು ಒಂಟಿ ಹೋಟೆಲುಗಳಲ್ಲಿ ಮಾತ್ರ. ಊರೂರಿಗೆ ಶಾಖೆ ಇರುವ ದೊಡ್ಡ ಕಂಪನಿ ಹೋಟೆಲುಗಳಿಗೆ ನಕ್ಷತ್ರ ಏರಿದರೂ ಇಳಿದರೂ ಹೆಚ್ಚೇನೂ ಆಗಲಿಲ್ಲ!

ಕಾರಣ ಸರಳ. ದೊಡ್ಡ ಕಂಪನಿಯ ಹೆಸರು ಜನಕ್ಕೆ ಮೊದಲೇ ಗೊತ್ತು. ಅದಕ್ಕೆ ಶಿಫಾರಸು ಬೇಡ. ಹೆಸರಿಲ್ಲದ ಸಣ್ಣವನಿಗೆ ಬೇಕು. ಅಂದರೆ ನಕ್ಷತ್ರವೆಂಬುದು ಸಣ್ಣ ವ್ಯಾಪಾರಿಯ ಆಸ್ತಿ. ಈ ಮಾತು ನೆನಪಿನಲ್ಲಿರಲಿ, ಕೊನೆಗೆ ಬೇಕಾಗುತ್ತದೆ.

ಐದಕ್ಕಿಂತ ನಾಲ್ಕೂವರೆ ವಾಸಿ

ನಕ್ಷತ್ರ ಐದಕ್ಕೈದು ಇದ್ದರೆ ಮಾತ್ರ ಮಾಲು ಹೋಗುತ್ತದೆ ಎಂಬುದು ಹಲವರ ಎಣಿಕೆ. ಲೆಕ್ಕ ಬೇರೆಯೇ ಹೇಳುತ್ತದೆ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸ್ಪೀಗಲ್ ಸಂಶೋಧನಾ ಕೇಂದ್ರ 2017ರಲ್ಲಿ ಹೊರತಂದ ವರದಿಯ ಪ್ರಕಾರ, ರಿವ್ಯೂವೇ ಇಲ್ಲದ ವಸ್ತುವಿಗಿಂತ ಐದು ರಿವ್ಯೂ ಇರುವ ವಸ್ತುವನ್ನು ಜನ ಕೊಳ್ಳುವ ಸಾಧ್ಯತೆ ಶೇಕಡಾ 270ರಷ್ಟು ಹೆಚ್ಚು. ಮೊದಲ ಐದು ಜನರ ಮಾತಿಗೆ ಅಷ್ಟು ತೂಕ. ಅದೇ ವರದಿ ಇನ್ನೊಂದು ಮಾತು ಹೇಳಿತು. ನಕ್ಷತ್ರ 4.0ರಿಂದ 4.7ರ ನಡುವೆ ಇದ್ದಾಗ ಕೊಳ್ಳುವವರು ಅತಿ ಹೆಚ್ಚು. ಐದರ ಹತ್ತಿರ ಹೋದಂತೆ ಕೊಳ್ಳುವ ಮನಸ್ಸು ಇಳಿಯುತ್ತದೆ!

ಗಿರಾಕಿ ದಡ್ಡನಲ್ಲ. ಮದುವೆಗೆ ಹೆಣ್ಣು ನೋಡಲು ಹೋದಾಗ ‘ಹುಡುಗನಲ್ಲಿ ಒಂದೂ ಕೊರತೆ ಇಲ್ಲ’ ಎಂದು ದಲ್ಲಾಳಿ ಹೊಗಳಿದರೆ ಹೆಣ್ಣಿನ ಮನೆಯವರು ಮುಖ ಮುಖ ನೋಡಿಕೊಳ್ಳುತ್ತಾರಲ್ಲ, ಹಾಗೆಯೇ ಇದು. ‘ಬಣ್ಣ ಚೆನ್ನಾಗಿದೆ, ಆದರೆ ಅಳತೆ ಸ್ವಲ್ಪ ಬಿಗಿ’ ಎಂದು ಬರೆದದ್ದನ್ನು ಓದಿದಾಗಲೇ ‘ಇವರು ನಿಜವಾಗಿ ಹಾಕಿ ನೋಡಿದ್ದಾರೆ’ ಎಂಬ ಧೈರ್ಯ.

ಒಂದು ಸಿಟ್ಟಿಗೆ ಹದಿನೈದು ಸಂತೋಷ

ಹಾಗಿದ್ದರೂ ಅಂಗಡಿಕಾರರು ಐದಕ್ಕೆ ಹಪಹಪಿಸುವುದೇಕೆ? ಅದಕ್ಕೂ ಲೆಕ್ಕ ಉಂಟು.

ಹೊಸದಾಗಿ ಆನ್‌ಲೈನಿಗೆ ಇಳಿದ ಅಂಗಡಿಯೊಂದಕ್ಕೆ ನಾಲ್ಕು ಜನ ಐದೈದು ನಕ್ಷತ್ರ ಕೊಟ್ಟರು ಎಂದಿಟ್ಟುಕೊಳ್ಳಿ. ಐದನೆಯವನು ಬಂದು ಸಿಟ್ಟಿನಲ್ಲಿ ಒಂದು ಒತ್ತಿದ. ಸರಾಸರಿ 5ರಿಂದ 4.2ಕ್ಕೆ ಬಿತ್ತು. ಅದನ್ನು ಮತ್ತೆ 4.8ಕ್ಕೆ ತರಬೇಕಾದರೆ ಇನ್ನೂ ಹದಿನೈದು ಜನ ಪೂರಾ ಐದು ಕೊಡಬೇಕು. ಒಂದು ಸಿಟ್ಟಿಗೆ ಹದಿನೈದು ಸಂತೋಷ ಸಮ! ಅದೇ, 200 ಜನರಿಂದ ನಾಲ್ಕೂವರೆ ಪಡೆದ ದೊಡ್ಡ ಅಂಗಡಿಗೆ ಇದೇ ಒಂದು ನಕ್ಷತ್ರ ಬಿದ್ದರೆ? ಸರಾಸರಿ 4.48. ಯಾರ ಕಣ್ಣಿಗೂ ಬೀಳುವುದಿಲ್ಲ. ಅಮೆಜಾನ್‌ನಂಥ ಕಂಪನಿ ಬರೀ ಸರಾಸರಿ ಹಾಕದೆ, ರಿವ್ಯೂ ಎಷ್ಟು ಹೊಸದು, ಬರೆದವರು ನಿಜವಾಗಿ ಕೊಂಡಿದ್ದಾರೆಯೇ ಎಂಬುದನ್ನೂ ತೂಗುತ್ತದೆ. ಆದರೂ ಸಣ್ಣವನಿಗೆ ಪೆಟ್ಟು ಜಾಸ್ತಿ ಎಂಬ ಮೂಲ ಲೆಕ್ಕ ಬದಲಾಗದು.

ಆ ಸಿಟ್ಟಾದರೂ ಯಾವಾಗಲೂ ಅಂಗಡಿಕಾರನ ಮೇಲಿನದೇ? ಕೊರಿಯರ್ ಹುಡುಗ ಡಬ್ಬ ಎಸೆದು ಹೋದ, ಒಂದು ನಕ್ಷತ್ರ ಸೀರೆಗೆ. ಮೂರು ದಿನ ತಡವಾಯಿತು, ಅದಕ್ಕೂ ಒಂದು ನಕ್ಷತ್ರ ಸೀರೆಗೆ. ನೇಯ್ದವನು, ಮಾರಿದವನು ಮಾಡಿದ ತಪ್ಪಾದರೂ ಏನು? ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ‘ಡಿಸ್ಕೌಂಟ್ ಕೊಡದಿದ್ದರೆ ಒಂದು ಸ್ಟಾರ್ ಹಾಕ್ತೀನಿ ನೋಡ್ರಿ’ ಎಂದು ಬೆದರಿಸುವ ಮಹಾಶಯರೂ ಇಲ್ಲದಿಲ್ಲ.

ಈ ಭಯವೇ ಅಂಗಡಿಕಾರನನ್ನು ಅಡ್ಡದಾರಿಗೆ ಎಳೆಯುತ್ತದೆ.

ಇಲ್ಲದ ಹೋಟೆಲಿಗೆ ಮೊದಲ ಸ್ಥಾನ!

ಅಡ್ಡದಾರಿ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಲಂಡನ್ನಿನ ಕಥೆ ಸಾಕು. ಊಬಾ ಬಟ್ಲರ್ ಎಂಬ ಪತ್ರಕರ್ತ ಒಂದು ಕಾಲಕ್ಕೆ ಹೋಟೆಲುಗಳಿಗೆ ತಲಾ ಹತ್ತು ಪೌಂಡಿಗೆ ಸುಳ್ಳು ಹೊಗಳಿಕೆ ಬರೆದುಕೊಟ್ಟವರು. 2017ರಲ್ಲಿ ಅವರಿಗೊಂದು ತಮಾಷೆ ಹೊಳೆಯಿತು. ತಾವು ವಾಸವಿದ್ದ ಹಿತ್ತಲಿನ ಶೆಡ್ಡನ್ನೇ ‘ದಿ ಶೆಡ್ ಅಟ್ ಡಲ್ವಿಚ್’ ಎಂಬ ಹೆಸರಿನ ಹೋಟೆಲೆಂದು ಟ್ರಿಪ್‌ಅಡ್ವೈಸರ್‌ನಲ್ಲಿ ನೋಂದಾಯಿಸಿದರು. ಕ್ಷೌರದ ನೊರೆ ಮುಂತಾದುವನ್ನು ತಟ್ಟೆಯಲ್ಲಿ ಜೋಡಿಸಿ ಭಕ್ಷ್ಯದಂತೆ ಫೋಟೋ ಹಿಡಿದರು. ಗೆಳೆಯರಿಂದ ರಿವ್ಯೂ ಬರೆಸಿದರು. ಫೋನು ಮಾಡಿದವರಿಗೆಲ್ಲ ‘ಜಾಗ ಖಾಲಿ ಇಲ್ಲ’ ಎಂಬ ಒಂದೇ ಉತ್ತರ.

ಆ ವರ್ಷದ ನವೆಂಬರ್ ಹೊತ್ತಿಗೆ, 18 ಸಾವಿರ ಹೋಟೆಲುಗಳನ್ನು ಹಿಂದೆ ಹಾಕಿ ಲಂಡನ್ನಿನಲ್ಲೇ ನಂಬರ್ ಒನ್ ಆಯಿತು, ಒಂದು ತುತ್ತು ಅನ್ನ ಬೇಯಿಸದ ಆ ಹೋಟೆಲು! ಕೊನೆಗೆ ಒಂದು ರಾತ್ರಿ ನಿಜವಾಗಿ ಬಾಗಿಲು ತೆರೆದು, ಅಂಗಡಿಯಿಂದ ತಂದ ಅಗ್ಗದ ಸಿದ್ಧ ಊಟ ಬಿಸಿ ಮಾಡಿ ಬಡಿಸಿದರು. ತಿಂದವರಲ್ಲಿ ಕೆಲವರು ಮತ್ತೆ ಬರಬಹುದೇ ಎಂದು ಕೇಳಿದರಂತೆ. ನಕ್ಷತ್ರ ನಾಲಿಗೆಯ ರುಚಿಯನ್ನೂ ಬದಲಿಸಬಲ್ಲದು!

ಬಟ್ಲರ್ ಮಾಡಿದ್ದು ತಮಾಷೆಗೆ. ಹೊಟ್ಟೆಪಾಡಿಗೆ, ಲಾಭಕ್ಕೆ ಮಾಡುವವರ ಕಥೆ ಬೇರೆ. ಅಮೆರಿಕದ ಫ್ಯಾಷನ್ ನೋವಾ ಎಂಬ ಬಟ್ಟೆ ಕಂಪನಿ ನಾಲ್ಕು ಐದು ನಕ್ಷತ್ರದ ರಿವ್ಯೂಗಳನ್ನು ಮಾತ್ರ ತಾನಾಗಿ ಪ್ರಕಟವಾಗಲು ಬಿಟ್ಟು, ಅದಕ್ಕಿಂತ ಕಡಿಮೆಯವನ್ನು ತಡೆದಿಟ್ಟಿತು ಎಂಬ ಆರೋಪಕ್ಕೆ ಗುರಿಯಾಯಿತು. 2022ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಜೊತೆ 42 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಇನ್ನೊಂದು ವಿಟಮಿನ್ ಕಂಪನಿ, ಬೌಂಟಿಫುಲ್, ಚೆನ್ನಾಗಿ ಹೋಗುವ ಹಳೇ ಮಾಲಿನ ಪುಟಕ್ಕೇ ಹೊಸ ಮಾಲನ್ನು ಅಂಟಿಸಿ, ಹಳೆಯದರ ನಕ್ಷತ್ರವನ್ನು ಹೊಸದಕ್ಕೆ ತೊಡಿಸಿತು ಎಂಬ ಆರೋಪದ ಮೇಲೆ 2023ರಲ್ಲಿ 6 ಲಕ್ಷ ಡಾಲರ್ ತೆರಬೇಕಾಯಿತು. ಹಳೇ ಎಮ್ಮೆಯ ಹಾಲಿನ ಲೆಕ್ಕ ಹೇಳಿ ಹೊಸ ಎಮ್ಮೆ ಮಾರುವ ದನದ ಸಂತೆಯ ಜಾಣರನ್ನು ಬಲ್ಲವರಿಗೆ ಇದೇನೂ ಅಚ್ಚರಿಯಲ್ಲ.

ಡಬ್ಬದೊಳಗಿನ ಚೀಟಿ

ಇಲ್ಲಿಯ ಪೇಟೆಯಲ್ಲಿ ನಡೆಯುವ ಆಟ ಸಣ್ಣದು, ಆದರೆ ಜಾತಿ ಅದೇ. ಆನ್‌ಲೈನಿನಲ್ಲಿ ತರಿಸಿದ ಡಬ್ಬ ಬಿಚ್ಚಿದರೆ ಒಳಗೊಂದು ಚೀಟಿ. ‘ಐದು ಸ್ಟಾರ್ ಕೊಟ್ಟು ಫೋಟೋ ಕಳಿಸಿ, ಕ್ಯಾಶ್‌ಬ್ಯಾಕ್ ಪಡೆಯಿರಿ’. ಗಿರಾಕಿಗೆ ಐವತ್ತೋ ನೂರೋ ಸಿಕ್ಕಿತು, ಖುಷಿ. ಆದರೆ ಆ ನೂರು ರೂಪಾಯಿ ಬಂದದ್ದೆಲ್ಲಿಂದ? ಮಾಲಿನ ಬೆಲೆಯಿಂದಲೇ. ನಾಳೆ ಅದೇ ನಕ್ಷತ್ರ ನಂಬಿ ಕೊಳ್ಳುವವನ ಜೇಬಿನಿಂದ.

ಹೀಗೆ ಕಾಸು ಕೊಟ್ಟು ರಿವ್ಯೂ ಪಡೆಯುವುದಕ್ಕೆ ಅಮೆಜಾನ್‌ನಲ್ಲಿ ಮೊದಲಿನಿಂದಲೂ ಅವಕಾಶವಿಲ್ಲ, ಪುಕ್ಕಟೆ ಇಲ್ಲವೇ ರಿಯಾಯಿತಿ ಮಾಲು ಕೊಟ್ಟು ಪಡೆಯುವುದನ್ನೂ ಅದು 2016ರಲ್ಲೇ ನಿಷೇಧಿಸಿತು. ತಾನೇ ನಡೆಸುವ ವೈನ್ ಎಂಬ ಒಂದು ವ್ಯವಸ್ಥೆಗೆ ಮಾತ್ರ ವಿನಾಯಿತಿ ಇಟ್ಟುಕೊಂಡಿತು. ಗೂಗಲ್ ನಿಯಮವೂ ಹಾಗೆಯೇ: ರಿವ್ಯೂಗೆ ಬದಲಾಗಿ ಹಣ, ರಿಯಾಯಿತಿ, ಪುಕ್ಕಟೆ ಮಾಲು ಯಾವುದನ್ನೂ ಕೊಡುವಂತಿಲ್ಲ. ‘ರಿವ್ಯೂ ಹಾಕಿದರೆ ಒಂದು ಕಾಫಿ ಫ್ರೀ’ ಎಂದು ಬೋರ್ಡು ಹಾಕಿದ ಹೋಟೆಲು ತನಗೆ ಗೊತ್ತಿಲ್ಲದೆಯೇ ನಿಯಮ ಮುರಿದಿರುತ್ತದೆ.

ಕೊಂಡ ನಕ್ಷತ್ರ ಬಾಳುತ್ತದೆಯೇ? ಅದನ್ನೂ ನೋಡಿದವರಿದ್ದಾರೆ. ಫೇಸ್‌ಬುಕ್ ಗುಂಪುಗಳಲ್ಲಿ ರಿವ್ಯೂ ಕೊಳ್ಳುತ್ತಿದ್ದ ಸುಮಾರು 1,500 ವಸ್ತುಗಳ ಬೆನ್ನು ಹತ್ತಿ ಹೋದ ಅಮೆರಿಕದ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿದ್ದಿಷ್ಟು. ಕೊಂಡ ರಿವ್ಯೂನಿಂದ ನಕ್ಷತ್ರವೂ ಏರುತ್ತದೆ, ಮಾರಾಟವೂ ಏರುತ್ತದೆ. ಕೊಳ್ಳುವುದು ನಿಲ್ಲಿಸಿದ ಮೇಲೆ ನಕ್ಷತ್ರ ಬೀಳುತ್ತದೆ, ಒಂದು ನಕ್ಷತ್ರದ ರಿವ್ಯೂಗಳ ಪಾಲು ಹೆಚ್ಚುತ್ತದೆ. ಮೋಸಹೋದ ಗಿರಾಕಿಗಳ ಸಿಟ್ಟು ಅದು. ಬಡ್ಡಿ ಸಾಲದ ಹಾಗೆ, ತಂದ ದಿನ ಸುಖ, ತೀರಿಸುವ ದಿನ ನರಕ.

ಕೂಲಿಗೆ ನಕ್ಷತ್ರ, ಕೊನೆಗೆ ಟೋಪಿ

ಈ ವ್ಯಾಪಾರಕ್ಕೆ ಇನ್ನೂ ಕ್ರೂರವಾದ ಒಂದು ಮುಖವಿದೆ. ಬಸ್ಸಿನಲ್ಲಿ ಓಡಾಡುವ ಡಿಗ್ರಿ ಮುಗಿಸಿದ ಹುಡುಗ ಹುಡುಗಿಯರು, ಮನೆಯಲ್ಲಿರುವ ಗೃಹಿಣಿಯರು ಇದನ್ನು ಗಮನವಿಟ್ಟು ಓದಬೇಕು.

ವಾಟ್ಸ್ಆ್ಯಪ್‌ಗೋ ಟೆಲಿಗ್ರಾಂಗೋ ಒಂದು ಮೆಸೇಜು ಬರುತ್ತದೆ. ‘ಮನೆಯಲ್ಲೇ ಕೂತು ಸಂಪಾದಿಸಿ. ಹೋಟೆಲಿಗೆ ರಿವ್ಯೂ ಹಾಕಿ, ಒಂದಕ್ಕೆ ಇಷ್ಟು ರೂಪಾಯಿ’. ಹಾಕಿದರೆ ನಿಜವಾಗಿ ನೂರಿನ್ನೂರು ಖಾತೆಗೆ ಬೀಳುತ್ತದೆ. ನಂಬಿಕೆ ಹುಟ್ಟುತ್ತದೆ. ಆಮೇಲೆ ಶುರು: ‘ಮುಂದಿನ ಟಾಸ್ಕಿಗೆ ಎರಡು ಸಾವಿರ ಕಟ್ಟಿ, ಮೂರು ಸಾವಿರ ವಾಪಸ್’. ಬಂದೂ ಬಿಡುತ್ತದೆ. ಮತ್ತೆ ಇಪ್ಪತ್ತು ಸಾವಿರ. ಈಗ ಪರದೆಯ ಮೇಲೆ ಲಾಭ ಲಕ್ಷ ಎಂದು ಕಾಣುತ್ತದೆ, ಆದರೆ ತೆಗೆಯಲು ಹೋದರೆ ‘ತೆರಿಗೆ ಕಟ್ಟಿ, ಶುಲ್ಕ ಕಟ್ಟಿ’. ಕಟ್ಟಿದಷ್ಟೂ ಬಾವಿ ಆಳ. ತಾಳಿಸರ ಅಡವಿಟ್ಟು ಕಟ್ಟಿದರೂ ಅದು ತುಂಬುವುದಿಲ್ಲ.

ಇಂಥದರಲ್ಲಿ ಸಿಕ್ಕಿಬಿದ್ದವರು ನಾಚಿಕೊಂಡು ಕೂರದೆ ಕೂಡಲೇ ಕರೆ ಮಾಡಬೇಕಾದ ಸೈಬರ್ ಅಪರಾಧ ಸಹಾಯವಾಣಿ 1930. ಎಷ್ಟು ಬೇಗ ಕರೆ ಮಾಡಿದರೆ ಹಣ ತಡೆಹಿಡಿಯುವ ಅವಕಾಶ ಅಷ್ಟು ಹೆಚ್ಚು.

ಕಾನೂನು ಏನನ್ನುತ್ತದೆ?

ಕಾನೂನು ಕಣ್ಣು ಮುಚ್ಚಿಲ್ಲ. 2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳು ಸ್ಪಷ್ಟವಾಗಿ ಹೇಳುತ್ತವೆ: ಮಾರಾಟಗಾರ ತಾನೇ ಗ್ರಾಹಕನ ವೇಷ ಹಾಕಿ ತನ್ನ ಮಾಲಿಗೆ ರಿವ್ಯೂ ಬರೆದುಕೊಳ್ಳುವಂತಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಸರಿ, ಆದರೆ ಹೆಗ್ಗಣವನ್ನು ಜಿಂಕೆ ಎಂದು ಮಾರಿದರೆ ಅಪರಾಧ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಕೇಂದ್ರ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು.

2022ರ ನವೆಂಬರಿನಲ್ಲಿ ಭಾರತೀಯ ಮಾನಕ ಬ್ಯೂರೋ ಆನ್‌ಲೈನ್ ರಿವ್ಯೂಗಳಿಗಾಗಿಯೇ ಐಎಸ್ 19000:2022 ಎಂಬ ಮಾನದಂಡ ತಂದಿತು. ಬರೆದವನು ನಿಜವಾದ ಮನುಷ್ಯನೇ ಎಂದು ಫೋನು, ಇ-ಮೇಲ್ ಮುಂತಾದ ದಾರಿಗಳಲ್ಲಿ ತಪಾಸಣೆ ಮಾಡಬೇಕು, ಕಾಸಿಗೆ ಬರೆಸಿದ ರಿವ್ಯೂ ಪ್ರಕಟಿಸಬಾರದು ಎಂಬುದೇ ಅದರ ತಿರುಳು. ಆದರೆ ಅದನ್ನು ತಂದದ್ದು ‘ಇಷ್ಟವಿದ್ದವರು ಪಾಲಿಸಿ’ ಎಂಬ ಷರತ್ತಿನಲ್ಲಿ. ಇಷ್ಟವಿದ್ದವರಿಗೆ ಮಾತ್ರ ಹೆಲ್ಮೆಟ್ಟು ಎಂದರೆ ಎಷ್ಟು ಜನ ಹಾಕಿಯಾರು? 2024ರ ಮೇ ತಿಂಗಳಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ಕಂಪನಿಗಳನ್ನು ಕರೆದು ಕೂರಿಸಿ, ಕಡ್ಡಾಯ ಮಾಡುವ ಕರಡನ್ನು ಮುಂದಿಟ್ಟಿತು.

ಹೊರದೇಶಗಳು ಹಗ್ಗ ಬಿಗಿಗೊಳಿಸಿವೆ. ಸುಳ್ಳು ರಿವ್ಯೂ ಬರೆಯುವುದು, ಮಾರುವುದು, ಕೊಳ್ಳುವುದು, ಕೃತಕ ಬುದ್ಧಿಯ ಯಂತ್ರದಿಂದ ಬರೆಸುವುದು ಎಲ್ಲವನ್ನೂ ನಿಷೇಧಿಸುವ ನಿಯಮ ಅಮೆರಿಕದಲ್ಲಿ 2024ರ ಅಕ್ಟೋಬರಿನಿಂದ ಜಾರಿಗೆ ಬಂತು. ಒಂದೊಂದು ಉಲ್ಲಂಘನೆಗೆ ಆಗ ಗೊತ್ತುಮಾಡಿದ ದಂಡ 51,744 ಡಾಲರ್‌ವರೆಗೆ. ಬ್ರಿಟನ್ನಿನಲ್ಲಿ 2025ರ ಏಪ್ರಿಲಿನಿಂದ ಇಂಥದೇ ಕಾನೂನಿದೆ. ಅಲ್ಲಿ ಕಂಪನಿಯ ವಹಿವಾಟಿನ ಶೇಕಡಾ 10ರವರೆಗೂ ದಂಡ ಬೀಳಬಹುದು.

ಅಂಗಡಿಕಾರನ ಕೈಲಿರುವುದು

ಕಾನೂನು ಬರುವ ತನಕ ಕಾಯಬೇಕಾದ ಗರಜು ವ್ಯಾಪಾರಿಗಿಲ್ಲ. ನೇರ ದಾರಿಯಲ್ಲೇ ನಕ್ಷತ್ರ ಏರಿಸುವ ಉಪಾಯಗಳಿವೆ.

ಮೊದಲನೆಯದು, ಕೇಳುವುದು. ತೃಪ್ತಿಯಾದವನು ಸುಮ್ಮನೆ ಹೋಗುತ್ತಾನೆ, ಸಿಟ್ಟಾದವನು ಮಾತ್ರ ಬರೆಯುತ್ತಾನೆ. ಬಿಲ್ಲು ಕೊಡುವಾಗ ‘ಹೆಂಗನಿಸ್ತೋ ಹಂಗೇ ಬರೀರಿ ಅಣ್ಣ’ ಎಂದರೆ ಸಾಕು. ಆದರೆ ಎಲ್ಲರನ್ನೂ ಕೇಳಬೇಕು. ನಗುಮುಖದವರನ್ನು ಆರಿಸಿ ಕೇಳುವುದಕ್ಕೂ ಗೂಗಲ್ ನಿಯಮದಲ್ಲಿ ಜಾಗವಿಲ್ಲ.

ಎರಡನೆಯದು, ಇದ್ದದ್ದನ್ನು ಇದ್ದ ಹಾಗೆ ಹೇಳುವುದು. ಅಳತೆ, ತೂಕ, ಬಟ್ಟೆಯ ಜಾತಿ, ಬಿಸಿಲಿನಲ್ಲಿ ಹಿಡಿದ ಫೋಟೋ. ‘ತೊಳೆದರೆ ಒಂದಿಂಚು ಕುಗ್ಗುತ್ತದೆ’ ಎಂದು ಮೊದಲೇ ಬರೆದರೆ, ಕುಗ್ಗಿದ ದಿನ ಒಂದು ನಕ್ಷತ್ರ ಬೀಳುವುದಿಲ್ಲ.

ಮೂರನೆಯದು, ಬೈದವನಿಗೆ ಉತ್ತರ ಕೊಡುವುದು. ಜಗಳಕ್ಕೆ ನಿಲ್ಲದೆ, ‘ತಪ್ಪಾಗಿದೆ, ಮಾಲು ತನ್ನಿ, ಬದಲಿಸಿಕೊಡ್ತೀವಿ’ ಎಂಬ ಎರಡು ಸಾಲು. ಆ ಉತ್ತರವನ್ನು ಬೈದವನೊಬ್ಬನೇ ಓದುವುದಿಲ್ಲ, ಮುಂದೆ ಬರುವ ಗಿರಾಕಿಗಳೂ ಓದುತ್ತಾರೆ. ಅಂಗಡಿಗೆ ಕಾಲಿಡದವನು ಹಗೆಯಿಂದ ಬರೆದಿದ್ದರೆ ಅದನ್ನು ತೆಗೆಯಲು ಗೂಗಲ್‌ಗೆ ದೂರು ಕೊಡುವ ವ್ಯವಸ್ಥೆ ಇದೆ.

ಕೊಳ್ಳುವವರ ಪಾಲು

ಗಿರಾಕಿಯೂ ಕಣ್ಣು ತೆರೆದಿರಬೇಕು. ನಕ್ಷತ್ರ ಎಷ್ಟು ಎಂಬುದರ ಜೊತೆಗೆ ಎಷ್ಟು ಜನ ಕೊಟ್ಟದ್ದು ಎಂದು ನೋಡಬೇಕು. ಹತ್ತು ಜನರ ಐದಕ್ಕಿಂತ ಸಾವಿರ ಜನರ 4.2 ಗಟ್ಟಿ. ಎರಡು, ಮೂರು ನಕ್ಷತ್ರ ಕೊಟ್ಟವರ ಮಾತು ಓದಬೇಕು. ಅಲ್ಲಿ ಹೊಗಳಿಕೆಯೂ ಕಡಿಮೆ, ಹಗೆಯೂ ಕಡಿಮೆ. ಒಂದೇ ವಾರದಲ್ಲಿ ಒಂದೇ ಧಾಟಿಯ ಹೊಗಳಿಕೆ ಸುರಿದಿದ್ದರೆ ಮಳೆ ಸಹಜವಲ್ಲ, ಟ್ಯಾಂಕರ್ ನೀರು. ರಿವ್ಯೂ ಚಪ್ಪಲಿಯದೋ ಛತ್ರಿಯದೋ ಎಂದೂ ನೋಡಬೇಕು. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಇನ್ನು ಮೊದಲು ನೆನಪಿನಲ್ಲಿಡಲು ಹೇಳಿದ ಮಾತು. ನಕ್ಷತ್ರ ಬೇಕಾದದ್ದು ಹೆಸರಿಲ್ಲದ ಸಣ್ಣವನಿಗೆ, ದೊಡ್ಡವನಿಗಲ್ಲ. ಸಣ್ಣವರೇ ಸೇರಿ ಕಾಸಿಗೆ ನಕ್ಷತ್ರ ಕೊಂಡು ಕೊಂಡು ಅದರ ಬೆಲೆ ಕಳೆದರೆ ಏನಾಗುತ್ತದೆ? ‘ಈ ಸ್ಟಾರ್ ಎಲ್ಲ ಸುಳ್ಳು ಮಾರಾಯ, ಟೀವಿಯಲ್ಲಿ ಬರೋ ಕಂಪನಿ ಮಾಲೇ ತಗಳ್ಳೋಣ’ ಎಂದು ಗಿರಾಕಿ ಎದ್ದು ನಡೆಯುತ್ತಾನೆ. ಅವನು ಹೋಗುವುದು ಪಕ್ಕದ ಅಂಗಡಿಗಲ್ಲ, ಬ್ರ್ಯಾಂಡಿನ ಬಾಗಿಲಿಗೆ. ಕೋಟಿಗಟ್ಟಲೆ ಜಾಹೀರಾತು ಕೊಡಲಾಗದ ಜಿಲ್ಲೆಯ ವ್ಯಾಪಾರಿಗೆ ದೂರದ ಊರಿನ ಗಿರಾಕಿಯನ್ನು ಪುಕ್ಕಟೆಯಾಗಿ ತಂದುಕೊಡುತ್ತಿದ್ದ ಒಂದೇ ಸೇತುವೆ ಅದು. ತನ್ನ ಕೈಯಾರೆ ಅದರ ಹಲಗೆ ಕಿತ್ತು ಒಲೆಗೆ ಹಾಕಿದರೆ ಒಂದು ದಿನದ ಅಡಿಗೆ ಆದೀತು. ಮರುದಿನ ಹೊಳೆ ದಾಟುವುದು ಹೇಗೆ?

ತಕ್ಕಡಿಯ ಕೆಳಗೆ ಹುಣಸೆಹಣ್ಣು ಅಂಟಿಸಿದವನ ಅಂಗಡಿಗೆ ಪೇಟೆಯ ಹಿರಿಯರೇ ಒಂದು ಕಾಲಕ್ಕೆ ಬುದ್ಧಿ ಹೇಳುತ್ತಿದ್ದರು, ಯಾಕೆಂದರೆ ಅವನಿಂದ ಕೆಡುತ್ತಿದ್ದದ್ದು ಇಡೀ ಪೇಟೆಯ ಹೆಸರು. ಕಾಸಿನ ನಕ್ಷತ್ರವೂ ಅದೇ ಹುಣಸೆಹಣ್ಣು. ವರ್ತಕರ ಸಂಘಗಳು ಸಭೆಯಲ್ಲಿ ಬಾಡಿಗೆ, ತೆರಿಗೆ, ಪಾರ್ಕಿಂಗ್ ಮಾತಾಡಿ ಮುಗಿಸಿದ ಮೇಲೆ ಈ ತಕ್ಕಡಿಯ ಕಡೆಗೂ ಒಮ್ಮೆ ನೋಡುವುದು ಒಳ್ಳೆಯದು.